ಡೆಲು ಕೊಂಡುಕೊಂಡ ಮಗ

ಡೆಲು ಬರುತ್ತಿದ್ದಾಳೆಂದು ನಮ್ಮ ಓಣಿಗೆ ಮೊದಲು ಹೇಳುವುದು ಮೂಗು. ಶೇಂಗಾ ಹುರಿದು, ಅರೆದು, ಎಣ್ಣೆ ಹಿಂಡಿ, ಉಳಿದ ಹಿಂಡಿಯನ್ನು ಬಳೆಯಂತೆ ಸುತ್ತಿ ಕರಿದು ಮಾರುವುದು ಅವಳ ಕಸುಬು. ಆ ಕುಲಿಕುಲಿಯ ಬುಟ್ಟಿ ಹೊತ್ತು ಅವಳು ಹೋಗದ ಅಂಗಳ ಮರಾಡಿ ಪಟ್ಟಣದ ಈ ಕಡೆ ಇಲ್ಲ. ಪರಗಂಡಸರು ಹೊಸಿಲು ದಾಟದ ಮನೆಗಳಲ್ಲೂ ಒಲೆಯ ಪಕ್ಕ ಕೂತು ಎಲ್ಲರನ್ನೂ ನಗಿಸಿ ಬರುತ್ತಾಳೆ. ಅದಕ್ಕೇ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಚಿಕ್ಕ ಮಕ್ಕಳಿಗೆ ಮಲೇರಿಯಾ ತಡೆಯುವ ಮಾತ್ರೆ ಹಂಚಲು ಆಸ್ಪತ್ರೆಯವರು ಅವಳನ್ನೇ ಆರಿಸಿದರು. ನೀರಿನ ಬಕೆಟ್ಟು, ಲೋಟ, ಚಮಚ ಹೊತ್ತು ಜೊತೆಗೆ ನಡೆಯುವವಳು ನಾನು.

ಮನೆಯ ಸಜ್ಜೆ ತೀರುವ ತಿಂಗಳಲ್ಲೇ ಸೊಳ್ಳೆಯೂ ಮುತ್ತುತ್ತದೆ. ಹಾಗಾಗಿ ಈ ವರ್ಷ ಮಾತ್ರೆಯ ಜೊತೆ ಪುಟ್ಟ ಪೊಟ್ಟಣಗಳೂ ಬಂದವು. ಒಳಗೆ ಶೇಂಗಾ, ಹಾಲಿನ ಪುಡಿ, ಸಕ್ಕರೆ ಕಲಸಿದ ಮುದ್ದೆ, ಎಳೆಮಕ್ಕಳಿಗೆ ದಿನಕ್ಕೊಂದು. ಡೆಲು ಒಂದನ್ನು ಬಿಚ್ಚಿ, ಬೆರಳು ಅದ್ದಿ ನೆಕ್ಕಿದಳು.

“ಎಣ್ಣೆ ಹಿಂಡದೇ ಹಂಗೇ ಬಿಟ್ಟಿದಾರಲ್ಲೇ! ಎಂಥಾ ದುಂದುಗಾರರು!”

ಹಾಜೊ ಅಜ್ಜಿಯ ಮನೆಯಲ್ಲಿ ಮೊದಲ ದಿನದ ಮಾತ್ರೆಯನ್ನು ನಾವೇ ನೀರಲ್ಲಿ ಕದಡಿ ಮೊಮ್ಮಗ ಹಾರೂನಾನಿಗೆ ಕುಡಿಸಿದ್ದೆವು. ಮುಂದಿನ ಎರಡು ದಿನದ್ದನ್ನು ಮನೆಯವರೇ ಕುಡಿಸಬೇಕು. ಮರುದಿನ ಸಂಜೆ ನನ್ನನ್ನೂ ಕರೆದುಕೊಂಡು ಕುಲಿಕುಲಿ ಮಾರುತ್ತಾ ಒಳಗೆ ಹೋದ ಡೆಲು ಸೂರಿನ ಹುಲ್ಲಿನತ್ತ ನೋಡಿ ನಿಂತುಬಿಟ್ಟಳು. ಮಾತ್ರೆಗಳನ್ನು ಒಡೆಯದೆ ಅಲ್ಲೇ ಸಿಕ್ಕಿಸಿಟ್ಟಿದ್ದರು. ಕೆಳಗೆ ಹಾರೂನಾ ಪೊಟ್ಟಣವನ್ನು ಹಿಂಡಿ ಹಿಂಡಿ ನೆಕ್ಕುತ್ತಿದ್ದ.

“ಏ ದನದ ಬಾಲ ಹಿಡ್ದೋಳೆ, ಸಿಹಿ ಮಾತ್ರ ಒಳಗೆ ಹೋಯ್ತು, ಕಹಿ ಸೂರು ಸೇರ್ತಾ?”

ಡೆಲು ಕಮ್ಮಾರರ ಮನೆಯವಳು, ಅಜ್ಜಿ ದನ ಕಾಯುವ ಫುಲಾನಿಯವಳು. ಈ ಎರಡು ಕುಲದವರು ಎದುರಾದರೆ ತಮಾಷೆಗೆ ಬೈದಾಡಲೇಬೇಕು, ಅದು ಹಿಂದಿನಿಂದ ಬಂದ ವಾಡಿಕೆ. ಸಿಟ್ಟಾದವರು ಸೋತಂತೆ, ಕೇಳಿದ್ದನ್ನು ಕೊಡದಿದ್ದರೆ ಇನ್ನೂ ಅವಮಾನ.

“ಮಸಿಮೋರೆಯವಳೆ, ಅವನು ಅಳ್ತಾನೆ ಕಣೆ. ನನ್ನ ಕೈ ನಡುಗುತ್ತೆ. ನಾಳೆ ಕುಡಿಸ್ತೀನಿ.”

“ನಾಳೆ ಅಂತ ಸೊಳ್ಳೆ ಕಾಯುತ್ತಾ?”

ಕಳೆದ ಮಳೆಗಾಲದಲ್ಲಿ ಇದೇ ಕೂಸು ಜ್ವರ ಏರಿ ಕಣ್ಣು ಮೇಲೆ ಮಾಡಿತ್ತು. ಅಂದು ಅವನ ತಾಯಿ ಸಹುರಾ ಕಣಜದ ಹಿಂದೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಿದ್ದನ್ನು ಕಂಡವಳು ನಾನು. ಚೊಚ್ಚಲ ಮಗುವಿನ ತಾಯಿ ನಮ್ಮಲ್ಲಿ ನಾಲ್ಕು ಜನರೆದುರು ಅದನ್ನು ಮುದ್ದಿಸುವುದಿಲ್ಲ, ಹೆಸರು ಹಿಡಿದು ಕರೆಯುವುದೂ ಇಲ್ಲ. ಹಾಗೆ ಮಾಡಿದರೆ ನಾಚಿಕೆಗೆಟ್ಟವಳು ಅನ್ನಿಸಿಕೊಳ್ಳುತ್ತಾಳೆ. ಹಾಲು ಬಿಟ್ಟ ಮೇಲೆ ಹಾರೂನಾ ಅಜ್ಜಿಯ ಪಾಲು. ಈಗಲೂ ಸಹುರಾ ಸಜ್ಜೆ ಕುಟ್ಟುತ್ತಿದ್ದಳು, ಮುಖ ಗೋಡೆಯ ಕಡೆ. ಒನಕೆ ಮಾತ್ರ ಆಗಾಗ ಅರ್ಧಕ್ಕೇ ನಿಲ್ಲುತ್ತಿತ್ತು.

ಡೆಲು ಆ ನಿಂತ ಒನಕೆಯನ್ನು ನೋಡಿದಳು. ಬುಟ್ಟಿ ಕೆಳಗಿಟ್ಟು ಅಜ್ಜಿಯ ಮಡಿಲಿಗೆ ಒಂದು ಹಿಡಿ ಕುಲಿಕುಲಿ ಸುರಿದಳು.

“ತಗೋ. ಈ ಹುಡುಗನ್ನ ನಾನು ಕೊಂಡ್ಕೊಂಡೆ.”

ಕೂಸು ಉಳಿಯದ ಮನೆಯಲ್ಲಿ ಹುಟ್ಟಿದ ಮಗುವನ್ನು ನೆರೆಯವಳು ಬಾಯಿಮಾತಿಗೆ ಕೊಂಡು, ಸಾವಿಗೆ ದಾರಿ ತಪ್ಪಿಸುವುದುಂಟು. ಅಜ್ಜಿ ಹುಬ್ಬು ಗಂಟಿಕ್ಕಿದಳು.

“ಅದು ಕೂಸು ಕಳ್ಕೊಂಡ ಮನೆಗೆ ಕಣೆ. ನಮ್ಮನೇಲಿ ಯಾರು ಸತ್ತಿದಾರೆ?”

“ಸಾಯೋ ತನಕ ಕಾಯ್ಬೇಕಾ? ಹೋದ ವರ್ಷ ಬಾಗಿಲ ತನಕ ಹೋಗಿ ಬಂದವನು ಇವನು. ಕಮ್ಮಾರತಿ ಕೇಳ್ತಿದಾಳೆ, ಕೊಡ್ತೀಯೋ ಇಲ್ವೋ?”

ಕಮ್ಮಾರರು ಕೇಳಿದ್ದಕ್ಕೆ ಇಲ್ಲವೆಂದರೆ ಊರೆಲ್ಲ ಆಡಿಕೊಳ್ಳುತ್ತದೆ. ಅಜ್ಜಿ ಒಂದು ಚೂರು ಕಡಿದು, “ಉಪ್ಪು ಜಾಸ್ತಿ,” ಎಂದಳು. ವ್ಯಾಪಾರ ಮುಗಿಯಿತು.

ಡೆಲು ತಿರುಗಿ ಕೂಗಿದಳು: “ಏ ಸಹುರಾ, ಒನಕೆ ಬಿಡು. ನಂಗೆ ಇನ್ನೂ ಓಣಿ ತಿರುಗೋದಿದೆ. ನನ್ನ ಮಗನ್ನ ಸ್ವಲ್ಪ ಹಿಡ್ಕೊಂಡು ಈ ಔಷಧಿ ಕುಡಿಸು. ನೆರೆಯವಳ ಮಗು ಎತ್ತಿದ್ರೆ ನಿಂಗೇನು ನಾಚಿಕೆ?”

ಸಹುರಾ ಅತ್ತೆಯನ್ನು ನೋಡಿದಳು. ಅತ್ತೆ ಕುಲಿಕುಲಿ ಕಡಿಯುವುದರಲ್ಲಿ ಬಹಳ ಮುಳುಗಿದ್ದಳು.

ಕೈ ಒರೆಸಿಕೊಂಡು ಬಂದಳು ಸೊಸೆ. ಇಳಿಬಿಸಿಲಿನ ಅಂಗಳದ ನಡುವೆ, ಎಲ್ಲರೆದುರು, ಹಾರೂನಾನನ್ನು ತೊಡೆಯ ಮೇಲೆ ಎಳೆದುಕೊಂಡಳು. ನಾನು ಮಾತ್ರೆ ಕದಡಿ ಚಮಚ ಕೊಟ್ಟೆ. ಅವನು ಒದ್ದ, ಅರಚಿದ, ಅವಳ ಬೆರಳು ಕಚ್ಚಿದ. ಅವಳ ಕೈ ನಡುಗಲಿಲ್ಲ. ಕೊನೆಯ ಹನಿ ಗಂಟಲಿಳಿದ ಮೇಲೆ ಪೊಟ್ಟಣದಲ್ಲಿ ಉಳಿದಿದ್ದ ಸಿಹಿಯನ್ನು ಬೆರಳಿಂದ ಅವನ ನಾಲಿಗೆಗೆ ಸವರಿದಳು. ಅಳು ನಿಂತಿತು. ಅವಳು ಅವನನ್ನು ಇಳಿಸಲಿಲ್ಲ.

“ನಿಮ್ಮ ಮಗ ಕಚ್ತಾನೆ,” ಎಂದಳು ಡೆಲುಗೆ, ತಲೆ ತಗ್ಗಿಸಿಯೇ.

“ನಾಳೆಯದ್ದನ್ನೂ ನೀನೇ ಕುಡಿಸು. ನಂಗೆ ಕಚ್ಚಿಸಿಕೊಳ್ಳೋಕೆ ಪುರುಸೊತ್ತಿಲ್ಲ.”

ಮುಂದಿನ ತಿಂಗಳು ನಾವು ಹೋಗುವಷ್ಟರಲ್ಲಿ ಸಹುರಾ ಬಾಗಿಲಲ್ಲೇ ನಿಂತಿದ್ದಳು, ಸೊಂಟದ ಮೇಲೆ ಹುಡುಗ. ನಡುವೆ ಅವನಿಗೆ ಜ್ವರ ಬಂದಿರಲಿಲ್ಲ; ತೋಳು ತುಂಬಿಕೊಂಡಿತ್ತು.

“ನಿಮ್ಮ ಮಗ ಎಷ್ಟು ಭಾರ ಆಗಿದಾನೆ ಡೆಲಮ್ಮಾ, ಎತ್ತಿ ಎತ್ತಿ ಸೊಂಟ ಬಿದ್ದೋಯ್ತು.”

“ಅಯ್ಯೋ ಪಾಪ, ಕೊಡು ಇತ್ಲಾಗೆ,” ಎಂದು ಡೆಲು ಕೈ ಚಾಚಿದಳು.

ಸಹುರಾ ಅವನನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

“ಇರಲಿ, ಮೊದ್ಲು ಔಷಧಿ ಕುಡೀಲಿ.”