ಭಯದ ಅಧ್ಯಾಯ

ಪ್ರಬಂಧ ಎರಡನೇ ಸಲ ವಾಪಸ್ ಬಂದಿತ್ತು. ಸೋಮವಾರದೊಳಗೆ ಇಂಗ್ಲಿಷ್ ತಿದ್ದಿ ಕೊಡದಿದ್ದರೆ ನನ್ನ ಪಿಎಚ್‌ಡಿ ನೋಂದಣಿಯೇ ರದ್ದು. ಆರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಭಯ, ನಂಬಿಕೆ, ಬಡತನ ಎಂಬಂಥ ಪದಗಳಿಗೆ ಕೆಲವೆಡೆ ಇಂಗ್ಲಿಷಿನ 'ದಿ' (the) ಹಚ್ಚಿಲ್ಲವೆಂದು ಪರೀಕ್ಷಕರು ಮೊದಲ ಸಲ ಕೆಂಪು ಗೆರೆ ಎಳೆದಿದ್ದರು. ಕನ್ನಡದಲ್ಲಿ ಭಯ ಅಂದರೆ ಭಯ, ಅದಕ್ಕೆ ಇನ್ನೇನೂ ಬೇಕಿಲ್ಲ. ಗಾಬರಿಯಲ್ಲಿ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಎಲ್ಲ ಕಡೆಯೂ 'ದಿ' ಸೇರಿಸಿಬಿಟ್ಟೆ. ಎರಡನೇ ಸಲದ ಕೆಂಪು ಗೆರೆಗಳು ಅದಕ್ಕೆ.

ಭಾನುವಾರ ಬೆಳಿಗ್ಗೆ ನಾನು ಓದುತ್ತಿದ್ದ ವಡೋದರಾದಿಂದ ರೈಲು ಹಿಡಿದು ಅಹಮದಾಬಾದಿನ ಮಣಿನಗರಕ್ಕೆ ಹೋದೆ. ಅಲ್ಲಿ ಧಾರವಾಡದ ಕಡೆಯ ನಿವೃತ್ತ ಇಂಗ್ಲಿಷ್ ಟೀಚರ್ ಒಬ್ಬರಿದ್ದರು. ಗಂಡನ ರೈಲ್ವೆ ವರ್ಗಾವಣೆಯಿಂದ ಬಂದು ಅಲ್ಲೇ ಉಳಿದವರು. ಪೆನ್ಸಿಲ್ ಹಿಡಿದು ಓದುತ್ತಾ ಹೋದವರು ಭಯದ ಅಧ್ಯಾಯದಲ್ಲಿ ನಿಂತರು.

"ದಿ ಫಿಯರ್ ಅಂತ ಬರದೀ. ಯಾವ ಭಯಾ ಇದು? ಯಾರ್ದು?"

"ಹರಳು ಅಂಟಿಸೋ ಹೆಂಗಸರದ್ದು, ಮೇಡಂ."

"ಎಲ್ಲಾರ್ದೋ, ಒಬ್ಬಾಕೀದೋ? ಅದು ತಿಳೀಲಾರದ ನಾ ಏನ್ ತಿದ್ದಲಿ? ಸಾರಿಗೆ ಉಪ್ಪು ಹಾಕಿದಂಗ ಎಲ್ಲಾ ಕಡೆ ಉದುರಿಸೀ ನೋಡು, ತಂಗಿ."

ಸೂರತ್‌ನ ಕತಾರ್‌ಗಾಮ್‌ನಲ್ಲಿ ಮನೆಯಲ್ಲೇ ಕೂತು ಸೀರೆಗೆ ಹರಳು ಅಂಟಿಸುವ ಹೆಂಗಸರ ಬಗ್ಗೆ ನನ್ನ ಪ್ರಬಂಧ. ಅವರು ಗುಜರಾತಿಯಲ್ಲಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಗೀಚಿಕೊಳ್ಳುತ್ತಿದ್ದೆ, ಹಾಸ್ಟೆಲಿಗೆ ಬಂದು ಇಂಗ್ಲಿಷ್ ಮಾಡುತ್ತಿದ್ದೆ. ಟಿಪ್ಪಣಿ ಪುಸ್ತಕ ಚೀಲದಲ್ಲಿತ್ತು. ತೆಗೆದು ನೋಡಿದರೆ, ಆ ಅಧ್ಯಾಯಕ್ಕೆ ಮೂಲವಾದ ಒಬ್ಬ ಹೆಂಗಸಿನ ಮನೆಗೆ ಹೋದ ದಿನದ ಪುಟದಲ್ಲಿ 'ಕೆಲಸ ನಿಂತರೆ? ಭಯ' ಎಂದಿತ್ತು, ಅಷ್ಟೇ. ಆಕೆ ಬಾಯಿಬಿಟ್ಟು ಹೇಳಿದ್ದೋ, ನಾನು ಕೇಳಿದ್ದಕ್ಕೆ ತಲೆಯಾಡಿಸಿದ್ದೋ, ಮುಖ ನೋಡಿ ನಾನೇ ಬರೆದುಕೊಂಡದ್ದೋ? ಆಕೆಯ ಬೆರಳುಗಳಿಗೆ ಅಂಟು ಮೆತ್ತಿದ್ದು ನೆನಪಿದೆ. ಅದೂ ಬೇರೆ ಮನೆಯ ಹೆಂಗಸಿನದಿರಬಹುದು. ಆ ಒಂದು ಪದದ ಮೇಲೆ ಇಪ್ಪತ್ತೆರಡು ಪುಟ ಕಟ್ಟಿದ್ದೆ.

ಟೀಚರ್ ಮುಂದೆಯೇ ಸ್ಪೀಕರ್ ಹಾಕಿ ಆಕೆಗೆ ಫೋನ್ ಮಾಡಿದೆ. ಅವತ್ತು ಏನು ಹೇಳಿದಿರಿ ಎಂದು ಕೇಳಿದಾಗ ನಕ್ಕು, ಹಿಂದಿ ಬೆರೆಸಿದ ಗುಜರಾತಿಯಲ್ಲಿ ಹೇಳಿದಳು: "ನನಗೆಲ್ಲಿ ನೆನಪಿರುತ್ತೆ ಅಕ್ಕಾ? ನೀವು ಬರ್ಕೊಂಡಿದ್ರಲ್ಲ. ಓದಿದವರು, ನೀವು ಬರೆದದ್ದೇ ಸರಿ ಇರುತ್ತೆ."

"ಈಗ ಕೇಳ್ತಿದ್ದೀನಿ. ಭಯ ಇದೆಯಾ?"

"ಈಗ ಕುಕ್ಕರ್ ಇಟ್ಟಿದ್ದೀನಿ," ಎಂದು ಫೋನ್ ಇಟ್ಟುಬಿಟ್ಟಳು.

ಟೀಚರ್ ಪೆನ್ಸಿಲಿನ ತುದಿಯನ್ನು ಕಾಗದಕ್ಕೆ ಒತ್ತಿ ಕಾದರು.

"ಹೇಳವಾ. ಈ ಭಯಾ ತಗೀಲೋ, ಇಡ್ಲೋ?"

ಭಯ ತೆಗೆದರೆ ಆ ಅಧ್ಯಾಯ ಹೋಗುತ್ತದೆ, ಅಧ್ಯಾಯ ಹೋದರೆ ಪ್ರಬಂಧವೇ ಇಲ್ಲ.

"ಇರಲಿ, ಮೇಡಂ. ಎಲ್ಲರದ್ದು ಅಂತಲೇ ಮಾಡಿ."

ಅವರು ಪುಟ ತಿರುವಿದರು. ಮೂರು ಗಂಟೆಯವರೆಗೆ ಒಂದೊಂದೇ ವಾಕ್ಯ ತಿದ್ದಿದರು. ಬೇಡದ ಕಡೆ 'ದಿ' ತೆಗೆದರು, ನನ್ನ ಅಡ್ಡಾದಿಡ್ಡಿ ಮಾತನ್ನು ನೇರ ಮಾಡಿದರು. ಮುಗಿಯುವಷ್ಟರಲ್ಲಿ ಆ ಪುಟಗಳಲ್ಲಿ ಸಂದೇಹಪಡುವ ಜಾಗವೇ ಉಳಿದಿರಲಿಲ್ಲ.

ಪದವಿ ಬಂತು. ಪರೀಕ್ಷಕರು ಆ ಅಧ್ಯಾಯವನ್ನೇ ಮೆಚ್ಚಿ ಬರೆದಿದ್ದಾರಂತೆ. ಆ ವರದಿಯನ್ನು ನಾನು ತೆರೆದಿಲ್ಲ. ಕತಾರ್‌ಗಾಮ್‌ಗೂ ಮತ್ತೆ ಹೋಗಿಲ್ಲ.