ನಾಜಿಯಾಳ ಚಂದದ ಹೆಣಗಳು

ಯಲ್ಲಾಪುರದಲ್ಲಿ ತನ್ನ ಕೈಯಿಂದ ಅಲಂಕಾರ ಮಾಡಿಸಿಕೊಳ್ಳದೆ ಯಾವ ಮದುಮಗಳೂ ಮನೆಯಿಂದ ಹೊರಬೀಳುವುದಿಲ್ಲ ಎಂದು ನಾಜಿಯಾ ಹೇಳಿಕೊಳ್ಳುತ್ತಿದ್ದಳು. ಊರಲ್ಲಿ ಬೇರೆ ಪಾರ್ಲರುಗಳೂ ಇದ್ದವು, ಅವೂ ಚೆನ್ನಾಗಿಯೇ ನಡೆಯುತ್ತಿದ್ದವು. ಆ ಮಾತನ್ನು ಅವಳು ಹೇಳುತ್ತಿರಲಿಲ್ಲ, ಅಷ್ಟೆ. ಆದರೆ ಹೆಣಕ್ಕೆ ಮೇಕಪ್ ಮಾಡಿದವಳು ಮಾತ್ರ ಇವಳೊಬ್ಬಳೇ. ಅದರಲ್ಲಿ ಸುಳ್ಳಿಲ್ಲ.

ಈ ಹೆಣದ ಕೆಲಸ ತಂದವನು ಇಸಳೂರಿನ ಕಿಶೋರ. ಮದುವೆಗಳ ವಿಡಿಯೋ ತೆಗೆಯುವವನು. ಇವಳು ಮದುಮಗಳನ್ನು ಸಿಂಗರಿಸಿ ಮುಗಿಸಿದ ಮೇಲೆ ಅವನ ಕ್ಯಾಮೆರಾ ಶುರುವಾಗುತ್ತಿತ್ತು. ಹಾಗೆ ಹಲವು ವರ್ಷದ ಪರಿಚಯ. ಅವನಿಗೆ ಇದ್ದಕ್ಕಿದ್ದಂತೆ ಸಿನಿಮಾ ಹುಚ್ಚು ಹತ್ತಿತು. ಶಿರಸಿ ಕಡೆಯ ಹವ್ಯಾಸಿಗಳು ಯಾವ ಕಾಲದಲ್ಲೋ ತೆಗೆದಿದ್ದ ‘ನಡುಮನೆಯ ಕೊಡಲಿ’ ಎಂಬ ಭಯಾನಕ ಚಿತ್ರವನ್ನು ಹೊಸದಾಗಿ ತೆಗೆಯುತ್ತೇನೆಂದು ಹೊರಟ. ಮದುವೆಯ ಹಿಂದಿನ ದಿನ ಮದುಮಗಳನ್ನು ಯಾರೋ ಕೊಡಲಿಯಿಂದ ಕಡಿದು ಹಾಕುವ ಕಥೆ. ಮದುಮಗಳು ಎಂದ ಮೇಲೆ ನಾಜಿಯಕ್ಕ ಬೇಕೇ ಬೇಕಲ್ಲ!

ಸುದ್ದಿ ಕೇಳಿ ಅತ್ತೆ ರಜಿಯಾ ಮೂಗು ಮುರಿದಳು. ಅವರ ಮನೆಯೊಳಗಿನ ಮಾತು ಉರ್ದು, ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: “ಆ ಸಿನಿಮಾ ನಾನು ಟೆಂಟಿನಲ್ಲಿ ನೋಡಿದ್ದೇನೆ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿದ್ದೆ. ಅರಬೈಲ್ ಘಟ್ಟದಲ್ಲಿ ನಿನ್ನ ಮಾವನ ಲಾರಿಯ ಬ್ರೇಕ್ ಹೋದಾಗ ಪಕ್ಕದಲ್ಲೇ ಕೂತಿದ್ದವಳು ನಾನು. ನನ್ನನ್ನು ಹೆದರಿಸುತ್ತೀಯಾ?”

“ನನ್ನ ಹೆಣ ನೋಡಿ ನೀವು ಕಿರುಚದಿದ್ದರೆ ಕೇಳಿ, ಅಮ್ಮಿ.”

“ಕಿರುಚಿದರೆ ಮುಂದಿನ ಸಿನಿಮಾಕ್ಕೂ ಹೋಗು. ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಪಾರ್ಲರಿನಲ್ಲೇ ಇರು.”

ಕಿಶೋರ ಮುಂದಿನ ಸಿನಿಮಾವನ್ನು ನಿಲ್ಕುಂದದ ಕಾಡಿನಲ್ಲಿ ತೆಗೆಯುವವನಿದ್ದ, ಅದಕ್ಕೂ ನಾಜಿಯಾಳನ್ನೇ ಕರೆದಿದ್ದ. ಅಲ್ಲಿಗೆ ಹೋಗುವ ಆಸೆ ಅವಳಿಗೆ ಎಷ್ಟಿತ್ತೆಂದರೆ ಪಂದ್ಯದ ವಿಷಯವನ್ನು ಪಾರ್ಲರಿಗೆ ಬಂದವರಿಗೆಲ್ಲ ಹೇಳಿಬಿಟ್ಟಳು. ಪಕ್ಕದ ಮನೆಯ ಪಾರ್ವತವ್ವ ಕೇಳಿದ ಮೇಲೆ ಊರಿಗೆ ಬೇರೆ ಡಂಗುರ ಬೇಕಾಗಲಿಲ್ಲ.

ಚಿತ್ರೀಕರಣದ ಮೊದಲ ದಿನ ಮದುಮಗಳ ಪಾತ್ರದ ನಮಿತಾಳನ್ನು ಹೆಣ ಮಾಡಿ ಕ್ಯಾಮೆರಾ ಮುಂದೆ ಮಲಗಿಸಿದಳು. ಕೊಡಲಿಯೇಟನ್ನು ಕುತ್ತಿಗೆಯಿಂದ ಭುಜದವರೆಗೆ ಅಂದವಾಗಿ ಬಾಗಿಸಿ ಬರೆದಿದ್ದಳು, ಅಂಚಿಗೆ ತೆಳುವಾಗಿ ಕಪ್ಪು ಗೆರೆ. ಗಾಯದ ಬಣ್ಣಕ್ಕೆ ಒಪ್ಪುವ ಲಿಪ್‌ಸ್ಟಿಕ್. ಸತ್ತವಳ ಹುಬ್ಬನ್ನೂ ತಿದ್ದಿದ್ದಳು. ಏನು ಮಾಡುವುದು, ಬ್ರಷ್ ಹಿಡಿದರೆ ಕೈ ತಾನಾಗಿಯೇ ಚಂದದ ಕಡೆಗೆ ಓಡುತ್ತದೆ.

ಕಿಶೋರ ತಲೆ ಮೇಲೆ ಕೈ ಹೊತ್ತ. “ಎಂತದು ನಾಜಿಯಕ್ಕ ಇದು? ಹೆಣ ಇಷ್ಟು ಚಂದ ಆದ್ರೆ ನೋಡಿದವ್ರು ಹೆದರೂದಿಲ್ಲ, ಜಾತಕ ಕೇಳ್ತಾರೆ!”

ಅವಮಾನವಾಯಿತು. ಚಂದ ಬೇಡವೆಂದರೆ ರಕ್ತವಾದರೂ ಧಾರಾಳವಾಗಿರಲಿ ಎಂದು ಮರುದಿನ ಮುರುಗಲ ಹಣ್ಣಿನ ಕಡುಗೆಂಪು ರಸಕ್ಕೆ ಬೆಲ್ಲದ ಪಾಕ ಬೆರೆಸಿ ಒಂದು ಕೊಡ ತುಂಬಿಸಿದಳು. ಬಣ್ಣವೇನೋ ಅದ್ಭುತ. ನಮಿತಾ ರಕ್ತದ ಮಡುವಿನಲ್ಲಿ ಮಲಗಿದಳು, ಕಿಶೋರ ಉಸಿರು ಬಿಗಿಹಿಡಿದು ಕ್ಯಾಮೆರಾವನ್ನು ಮೆಲ್ಲಗೆ ಅವಳ ಮುಖದತ್ತ ತಂದ. ಅಷ್ಟರಲ್ಲಿ ಸಿಹಿಯ ವಾಸನೆ ಹಿಡಿದ ಇರುವೆಗಳು ಸಾಲುಗಟ್ಟಿ ಬಂದವು. “ಅಯ್ಯಯ್ಯೋ, ಕಚ್ತು!” ಎಂದು ಹೆಣ ಎದ್ದು ಸೊಂಟ ಕೆರೆದುಕೊಳ್ಳುತ್ತ ಬಚ್ಚಲಿಗೆ ಓಡಿತು. ಕೊಡದ ತಳದಲ್ಲಿ ಉಳಿದ ರಕ್ತವನ್ನು ಎಲ್ಲರೂ ನೀರು ಬೆರೆಸಿ ಕುಡಿದರು. ಚೆನ್ನಾಗಿತ್ತು.

ಏನು ಮಾಡಬೇಕೆಂದು ತೋಚದೆ ಕಿಶೋರ ಒಂದು ಮೂಲೆಯಲ್ಲಿ ಕೂತು ತನ್ನ ಮನೆಮಾತು ಹವ್ಯಕ ಕನ್ನಡದಲ್ಲಿ ತನ್ನಷ್ಟಕ್ಕೆ ಗೊಣಗಿದ: “ಆನು ಎಂತ ಮಾಡವು ಈಗ?” ಆಮೇಲೆ ನಾಜಿಯಾಳ ಕಡೆ ತಿರುಗಿದ. “ಹಳೇದು ನೋಡಿದವ್ರಿಗೆ ಕೊಡಲಿ ಯಾವಾಗ ಬೀಳ್ತದೆ ಅಂತ ಗೊತ್ತು. ಗೊತ್ತಿದ್ದವ್ರನ್ನ ಹೆದರ್ಸೂದು ಹ್ಯಾಂಗೆ? ಅದಕ್ಕೇ ಅವರದ್ದು ಒಂದೇಟು ಆದ್ರೆ ನಮ್ಮದು ಹತ್ತೇಟು ಇರ್ಲಿ ಅಂದ್ಕಂಡೆ. ಏಟು ಹೆಚ್ಚಾದಷ್ಟೂ ನಗುವೇ ಬರ್ತದೆ ಮಾರಾಯ್ತಿ.”

ನಾಜಿಯಾ ದೊಡ್ಡ ಕಲಾವಿದೆಯಂತೆ ತಲೆಯಾಡಿಸಿದಳು. ಅವಳಿಗೂ ಏನೂ ಹೊಳೆದಿರಲಿಲ್ಲ.

ಉಳಿದದ್ದು ಮೆಹಂದಿ ಹಚ್ಚಿದ ಕೈಯನ್ನು ಹತ್ತಿರದಿಂದ ತೋರಿಸುವ ದೃಶ್ಯ. ನಮಿತಾಳ ಚರ್ಮಕ್ಕೆ ಮೆಹಂದಿ ಆಗುತ್ತಿರಲಿಲ್ಲ, ತುರಿಕೆ ಬರುತ್ತಿತ್ತು. ಹಾಗಾಗಿ ಕೈ ಮಾತ್ರ ನಾಜಿಯಾಳದ್ದು ಎಂದಾಯಿತು. ತನ್ನ ಎಡಗೈಗೆ ತಾನೇ ಚಿತ್ತಾರ ಬಿಡಿಸಿಕೊಂಡು ಗೋಡೆಯ ಪಕ್ಕ ಕೂತಳು. ಮೇಲೆ ಬೆಳ್ಳಿ ಬಣ್ಣ ಬಳಿದ ಮರದ ಕೊಡಲಿಯನ್ನು ದಾರಕ್ಕೆ ಕಟ್ಟಿ ನೇತುಹಾಕಿದ್ದರು, ಅದರ ನೆರಳು ಕೈಮೇಲೆ ಬೀಳಬೇಕಿತ್ತು. ಕ್ಯಾಮೆರಾ ಶುರುವಾಗುತ್ತಲೇ ದಾರ ತುಂಡಾಗಿ ನೆರಳಿನ ಬದಲು ಕೊಡಲಿಯೇ ಅವಳ ಕಿವಿಯ ಪಕ್ಕದಲ್ಲಿ ಧಡಾರೆಂದು ಬಿತ್ತು.

ನಾಜಿಯಾಳ ಜೀವ ಬಾಯಿಗೆ ಬಂತು. ಹಸಿ ಮೆಹಂದಿಯ ಕೈಯಿಂದಲೇ ಗೋಡೆ ಹಿಡಿಯಲು ಹೋದಳು, ಹಿಡಿತ ಸಿಗದೆ ಬೆರಳುಗಳು ಗೋಡೆಯ ಉದ್ದಕ್ಕೂ ಗೆರೆ ಎಳೆಯುತ್ತ ಜಾರಿದವು, ಆಮೇಲೆ ಕೈ ನೆಲಕ್ಕೆ ಬಿದ್ದು ಸುಮ್ಮನಾಯಿತು. ಬಾಯಿಂದ ಬಂದ ಮಾತು ಯಾವ ಮದುಮಗಳ ಬಾಯಿಗೂ ಒಪ್ಪುವಂಥದ್ದಲ್ಲವಾದ್ದರಿಂದ ಕಿಶೋರ ಧ್ವನಿಯನ್ನು ಪೂರ್ತಿ ತೆಗೆದುಹಾಕಿದ.

ಶಬ್ದವಿಲ್ಲದ ಆ ದೃಶ್ಯವನ್ನು ನೋಡಿ ಯಾರೂ ನಗಲಿಲ್ಲ. ನಮಿತಾ ಮುಖ ಆಚೆ ತಿರುಗಿಸಿದಳು.

“ಹತ್ತೇಟೂ ಬೇಡ, ರಕ್ತವೂ ಬೇಡ,” ಎಂದ ಕಿಶೋರ. “ಮೆಹಂದಿ ಒಣಗೂವರೆಗೆ ಮದುಮಗಳಿಗೆ ನೀರು ಕುಡಿಸೂಕೂ ಇನ್ನೊಬ್ರು ಬೇಕು. ಅಷ್ಟು ಜೋಪಾನ ಮಾಡೂ ಕೈ ಗೋಡೆಗೆ ಉಜ್ಜಿ ಹೋಯ್ತು ಅಂದ್ರೆ ಅವಳಿಗೆ ಎಂತ ಆಯ್ತು ಅಂತ ತೋರಿಸ್ಬೇಕಾ?”

“ಅದನ್ನೇ ಅಲ್ವಾ ನಾನು ಮೊದಲಿಂದ ಹೇಳ್ತಾ ಇದ್ದದ್ದು?” ಎಂದಳು ನಾಜಿಯಾ. ಅವಳು ಹಾಗೆ ಎಂದೂ ಹೇಳಿರಲಿಲ್ಲ. ಕಿಶೋರ ಪಾಪ, ಸುಮ್ಮನೆ ನಕ್ಕ. ಮನೆಯಲ್ಲಿ ಮಾತ್ರ ಅವಳು ಕೈಯ ಸುದ್ದಿ ಎತ್ತಲಿಲ್ಲ. ಎತ್ತಿದರೆ ಮರದ ಕೊಡಲಿಗೆ ಹೆದರಿದ್ದನ್ನೂ ಹೇಳಬೇಕಾಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಯಲ್ಲಾಪುರದ ಸಭಾಭವನವೊಂದರಲ್ಲಿ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಕತ್ತಲು ಮಾಡಿ ಸಿನಿಮಾ ತೋರಿಸಿದರು. ರಜಿಯಾ ಸೊಸೆಯ ಪಕ್ಕದಲ್ಲಿ ಕೂತಳು, ಪಾರ್ವತವ್ವ ಅವರ ಹಿಂದಿನ ಸಾಲಿನಲ್ಲಿ. ಸಿನಿಮಾ ಶುರುವಾದಾಗಿನಿಂದ ರಜಿಯಾಳ ಬಾಯಿ ನಿಂತಿರಲಿಲ್ಲ: “ಈ ಹುಡುಗಿಗೆ ಸೆರಗು ಹೊದೆಯಲೂ ಬರುವುದಿಲ್ಲ. ಅವನೇ ಕೊಲೆಗಾರ, ನೋಡು, ಮುಖದ ಮೇಲೇ ಬರೆದಿದೆ.” ನಿಲ್ಕುಂದ ಕೈತಪ್ಪಿ ಹೋಯಿತು ಎಂದೇ ನಾಜಿಯಾ ಅಂದುಕೊಂಡಳು.

ಪರದೆಯ ಮೇಲೆ ಕೈ ಬಂತು. ಗೋಡೆ ಹಿಡಿಯಿತು. ಜಾರಿತು.

“ಯಾ ಅಲ್ಲಾ!”

ಸಭಾಭವನವೆಲ್ಲ ಬೆಚ್ಚಿಬಿತ್ತು. ಗೆದ್ದೆ ಎಂದು ನಾಜಿಯಾ ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಕತ್ತಲಲ್ಲಿ ಎರಡು ಕೈಗಳು ಅವಳ ಎಡಗೈಯನ್ನು ಹುಡುಕಿ ಹಿಡಿದವು. ರಜಿಯಾ ಒಂದೊಂದೇ ಬೆರಳನ್ನು ಮುಟ್ಟಿ ನೋಡುತ್ತ ಕಿರುಬೆರಳಿಗೆ ಬಂದು ನಿಂತಳು. ಮದುವೆಯಾದ ಹೊಸದರಲ್ಲಿ ಬಾಗಿಲಿಗೆ ಸಿಕ್ಕಿ ಮುರಿದ ಬೆರಳು ಅದು. ರಜಿಯಾಳೇ ಪಟ್ಟಿ ಕಟ್ಟಿದ್ದಳು, ಆದರೂ ಸೊಟ್ಟಗೇ ಕೂಡಿಕೊಂಡಿತ್ತು.

“ನಿನ್ನ ಕೈ,” ಎಂದು ಪಿಸುಗುಟ್ಟಿದಳು. “ಅದು ನಿನ್ನ ಕೈ.”

ಆ ಬೆರಳನ್ನು ಬಿಗಿಯಾಗಿ ಹಿಡಿದವಳು ಬಿಡಲೇ ಇಲ್ಲ. ಲಾರಿಯ ಬ್ರೇಕ್ ಹೋದಾಗಲೂ ಜಗ್ಗದವಳು ಎಂದು ಊರೆಲ್ಲ ಹೊಗಳುವ ಹೆಂಗಸು! ನಾಜಿಯಾಳಿಗೆ ಗೆದ್ದ ಖುಷಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಮ್ಮಿ ತನ್ನನ್ನು ಹೇಗೋ ಸಹಿಸಿಕೊಂಡಿದ್ದಾಳೆ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಎಂಥ ದಡ್ಡಿ ನಾನು ಎಂದುಕೊಂಡಳು.

ಸಿನಿಮಾ ಮುಗಿದು ಹೊರಗೆ ಬಂದರೆ ಬಾಗಿಲಲ್ಲೇ ಪಾರ್ವತವ್ವ ಅಡ್ಡ ನಿಂತಿದ್ದಳು. ಪಕ್ಕದಲ್ಲಿ ಕಿಶೋರ, ಕಣ್ಣರಳಿಸಿಕೊಂಡು.

“ನಿಂದರ್ರಿ, ನಿಂದರ್ರಿ. ಚೀರಿದವ್ರು ಯಾರ್ರೀ? ರಜಿಯಾಬಿ, ನೀವ ಹೌದಲ್ಲೋ?”

ರಜಿಯಾ ಗಲ್ಲ ಎತ್ತಿ ಎಲ್ಲೋ ನೋಡುತ್ತಿದ್ದಳು. ಬುರ್ಖಾದ ಮರೆಯಲ್ಲಿ ಸೊಸೆಯ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಆ ಹಿಡಿತದ ಬಿಗಿ ನಾಜಿಯಾಳಿಗೊಬ್ಬಳಿಗೇ ಗೊತ್ತು.

“ಅಮ್ಮಿ ಎಲ್ಲಿ ಹೆದರ್ತಾರೆ, ಪಾರ್ವತವ್ವ?” ಎಂದಳು ನಾಜಿಯಾ. “ಕಿರುಚಿದ್ದು ನಾನೇ. ನಾನೇ ಮಾಡಿದ್ದಕ್ಕೆ ನಾನೇ ಹೆದರಿಬಿಟ್ಟೆ.”

ಪಾರ್ವತವ್ವ ಬಿದ್ದು ಬಿದ್ದು ನಕ್ಕಳು. ಪಂದ್ಯವೂ ಹೋಯಿತು, ನಿಲ್ಕುಂದಕ್ಕೆ ಇವಳು ಬರುವುದೂ ತಪ್ಪಿತು ಎಂದು ಕಿಶೋರ ಹಣೆ ಚಚ್ಚಿಕೊಂಡ. ಅತ್ತೆ ಸೊಸೆ ಇಬ್ಬರೂ ಬಸ್‌ಸ್ಟ್ಯಾಂಡ್ ದಾಟಿ ಮನೆಯ ಕಡೆ ನಡೆದರು. ದಾರಿಯುದ್ದಕ್ಕೂ ರಜಿಯಾ ಸೊಸೆಯ ಕೈ ಬಿಡಲಿಲ್ಲ. ಮನೆಯ ಬೀಗವನ್ನು ಕೂಡ ಒಂದೇ ಕೈಯಲ್ಲಿ ತಡಕಾಡಿ ತೆಗೆದಳು.

ಹೊಸ್ತಿಲು ದಾಟುವಾಗ ಹಿಂದೆ ನೋಡದೆಯೇ ಹೇಳಿದಳು: “ನಿಲ್ಕುಂದಕ್ಕೆ ಹೋಗು. ಎಷ್ಟು ಹೆಣ ಬೇಕಾದರೂ ಮಾಡು. ನೀನು ಮಾತ್ರ ಸಾಯಬೇಡ.”