ಕಂಬದಾಚೆಯ ಎಲೆ

ನಿಂಗಪ್ಪನ ಕಾಲು ಲೈಟು ಕಂಬದ ಹತ್ತಿರ ತಾನಾಗಿಯೇ ನಿಂತುಬಿಟ್ಟಿತು. ಹರಿಹರದ ಮಗ್ಗುಲಿನ ಈ ಮಾದಿಗರ ಕೇರಿಗೆ ಅವನು ಅಪ್ಪನ ಹೆಗಲ ಮೇಲೆ ಕೂತು ಬಂದವನು. ದಕ್ಕಲಿಗರವನು, ಮಾದಿಗರ ಕುಲದ ಕಥೆ ಹಾಡಿ, ಅವರು ಕೊಟ್ಟದ್ದನ್ನು ಉಂಡು ಬದುಕಿದ ಮನೆತನ. ಹಾಡುವುದೂ ಉಣ್ಣುವುದೂ ಕೇರಿಯ ಹೊರಗೇ. ಅಪ್ಪ ಒಳಗೆ ಕಾಲಿಟ್ಟಿರಲಿಲ್ಲ, ಅಜ್ಜನೂ ಇಟ್ಟಿರಲಿಲ್ಲ. ಆಗ ಇಲ್ಲೊಂದು ಬೇವಿನ ಮರವಿತ್ತು. ಮರ ಹೋಗಿ ಕಂಬ ಬಂತು, ಅವರು ದಾಟಬಾರದ ಗೆರೆ ಮಾತ್ರ ಅಲ್ಲೇ ಉಳಿಯಿತು.

ಇವತ್ತು ಕೇರಿಯಲ್ಲಿ ಸಂಭ್ರಮದ ಊಟ. ಒಳಮೀಸಲಾತಿ ಬಂದಿತ್ತು, ಎಷ್ಟೋ ವರ್ಷ ಬೀದಿಗಿಳಿದು ಕೇಳಿದ ಪಾಲು ಕೇರಿಯವರಿಗೆ ದಕ್ಕಿತ್ತು. ದಾವಣಗೆರೆಯ ಬಿಸಿಲಲ್ಲಿ ಆ ಮೆರವಣಿಗೆಗಳ ಮುಂದೆ ಗಂಟಲು ಹರಿಯುವಂತೆ ಹಾಡಿದವರಲ್ಲಿ ನಿಂಗಪ್ಪನೂ ಒಬ್ಬ. ಆದರೆ ಅವನಂಥ ಸಣ್ಣ ಅಲೆಮಾರಿ ಜಾತಿಗಳು ಬೇಡಿದ ಬೇರೆ ಪಾಲು ಬರಲಿಲ್ಲ. ಅವರನ್ನು ಬಲವಾದ ಜಾತಿಗಳ ಗುಂಪಿನೊಳಗೇ ಸೇರಿಸಿದ್ದರು. ದಾವಣಗೆರೆ ಮಗ್ಗುಲಿನ ಕರೂರಿನ ಕಾರ್ಖಾನೆಯಲ್ಲಿ ದುಡಿಯುತ್ತ ನೌಕರಿಗೆ ಓದುತ್ತಿದ್ದ ಮಗಳು ಲಕ್ಷ್ಮೀದೇವಿ ಬೆಳಿಗ್ಗೆ ಹೇಳಿದ್ದಳು: "ಪಾಲಂತೂ ಬರ್ಲಿಲ್ಲ. ಇವತ್ತಾದ್ರೂ ಒಳಗೆ ಕುಂತು ಉಂಡು ಬಾರಪ್ಪ."

ಕೇರಿಯ ಸಂಘದ ಸಂತೋಷ ಅವನನ್ನು ಕಂಡು ಓಡಿ ಬಂದ. "ಯಾಕ ಇಲ್ಲೇ ನಿಂತ್ರಿ ನಿಂಗಪ್ಪಾರ? ಎಲೆ ಹಾಕೇವಿ, ಬರ್ರಿ."

"ಇಲ್ಲೇ ಕೊಟ್ಬಿಡ್ರಿ, ಧಣಿ."

"ಧಣಿ ಗಿಣಿ ಬ್ಯಾಡ. ಹೊರಗೆ ಕೂಡ್ರಿಸಿ ಇಕ್ಕೋ ಕಾಲ ಹೋತು. ನನ್ನ ಪಕ್ಕದಾಗೆ ಕೂಡ್ರಬೇಕು ನೀವು."

ಅಷ್ಟರಲ್ಲಿ ಮುದುಕಿ ಓಬವ್ವ ತಟ್ಟೆ ಹಿಡಿದು ಕಂಬದ ಕಡೆ ಹೊರಟಿದ್ದಳು. ಇಷ್ಟು ವರ್ಷ ಅವನಿಗೆ ಅನ್ನ ತಂದವಳು ಅವಳೇ. ಸಂತೋಷ ಅಡ್ಡ ನಿಂತ. "ತಟ್ಟೆ ಇಳಿಸಜ್ಜಿ. ಹೊರಗೆ ಕೊಟ್ರೆ ಅವ್ರಿಗೆ ಅವಮಾನ."

"ಅವ್ನು ಬರಂಗಿಲ್ಲೋ. ಅವ್ನ ಕಾಲು ನಂಗೊತ್ತು."

"ಬರ್ತಾರೆ ತಗಾ."

ನಿಂಗಪ್ಪ ಚಪ್ಪಲಿ ಬಿಟ್ಟ. ಒಂದು ಕಾಲು ಎತ್ತಿದ. ಪಂಕ್ತಿಯವರೆಲ್ಲ ತಲೆಯೆತ್ತಿ ನೋಡಿದರು. ಬೈಯುವ ಕಣ್ಣು ಒಂದೂ ಇರಲಿಲ್ಲ, ಅದೇ ಅವನಿಗೆ ಕಷ್ಟವಾಯಿತು. ಬೈದಿದ್ದರೆ ನಗುತ್ತ ನಿಂತಿರುತ್ತಿದ್ದ, ಅದು ರೂಢಿಯಿತ್ತು. ಎತ್ತಿದ ಕಾಲನ್ನು ಮತ್ತೆ ಕಂಬದ ಈಚೆಗೇ ಇಟ್ಟ.

ಸಂತೋಷ ಬಡಿಸಲು ಹೋದ. ಪಂಕ್ತಿ ಎದ್ದಿತು, ಇನ್ನೊಂದು ಕೂತಿತು. ನಿಂಗಪ್ಪನಿಗೆಂದು ಹಾಕಿದ್ದ ಎಲೆ ಬಹಳ ಹೊತ್ತು ಖಾಲಿ ಇತ್ತು. ಜನ ಹೆಚ್ಚಾದರು, ತಡವಾಗಿ ಬಂದ ಯಾರೋ ಅದರ ಮುಂದೆ ಕೂತು ಅನ್ನ ಕಲಸಿದರು. ದೂರದಲ್ಲಿ ಓಬವ್ವ ಬರಿಗೈ ಮಡಿಲಲ್ಲಿಟ್ಟುಕೊಂಡು ಇತ್ತಲೇ ನೋಡುತ್ತಿದ್ದಳು.

ನಿಂಗಪ್ಪ ಚಪ್ಪಲಿ ಮೆಟ್ಟಿ ದಾವಣಗೆರೆಯ ಬಸ್ಸಿಗೆ ತಿರುಗಿದ. ಒಳಗೆ ಕರೆದರಾ ಎಂದು ಮಗಳು ಕೇಳುತ್ತಾಳೆ. ಕರೆದರು ಎನ್ನಬೇಕು, ಅದು ನಿಜವೇ. ಉಂಡೆಯಾ ಎಂದು ಕೇಳದಿದ್ದರೆ ಸಾಕು.